ರಾಮಾನುಜನ್‌ಗೆ ಗೆಳೆಯರು ಸಿಕ್ಕಿದ್ದು ಹೇಗೆ?

ಬೀದಿ ಮಕ್ಕಳೆಲ್ಲ ಕ್ರಿಕೆಟ್ ಆಡ್ತಿದ್ರೆ ನಿಮ್ಮ ಮಗ ಮಾತ್ರ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸ್ತಾನಾ? ಓರಗೆಯವರ ಜತೆ ಸೇರೋದೇ ಇಲ್ಲ ಅಂತ ಚಿಂತೆನಾ? ಕುಂಭಕೋಣದ ಕೋಮಲತಮ್ಮಾಳ್‌ಗೂ ಇಂಥದ್ದೇ ಮಗನಿದ್ದ. 1887ರಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್.

ಅವನಿಗೆ ಆಟೋಟ ಒಗ್ಗದು. ಗೆಳೆಯರು ಬಂದರೆ ಕಿಟಕಿಯಲ್ಲೇ ನಿಂತು ಮಾತು. ಅಪ್ಪ ಬಟ್ಟೆ ಅಂಗಡಿಯ ಗುಮಾಸ್ತ. ಸಂಬಳ ಸಾಲದೆ ಅಮ್ಮ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು, ಕಾಲೇಜು ಹುಡುಗರಿಗೆ ಮನೆಯಲ್ಲೇ ಊಟ, ವಸತಿ ಕೊಟ್ಟಿದ್ದರು. ನಾಲ್ಕು ಕಾಸಿಗಾಗಿ ಮಾಡಿದ ಏರ್ಪಾಡು ಮಗನಿಗೆ ವರವಾಯ್ತು ನೋಡಿ! ಆ ದೊಡ್ಡ ಹುಡುಗರಿಗೆ ಅಂಟಿಕೊಂಡು, ಅವರಿಗೆ ಗೊತ್ತಿದ್ದ ಗಣಿತವನ್ನೆಲ್ಲ ಹೀರಿಕೊಂಡ. ಹದಿಮೂರರ ಹೊತ್ತಿಗೆ ಕಾಲೇಜಿನ ತ್ರಿಕೋನಮಿತಿ ಪುಸ್ತಕವೇ ಮುಗಿದಿತ್ತು.

ಹಾಗಾಗಿ ಗೆಳೆಯ ಅಂದರೆ ಅದೇ ಕ್ಲಾಸಿನವನೇ ಆಗಬೇಕು ಅಂತ ಹಟ ಹಿಡೀಬೇಡಿ. ಮೇಲ್ಮನೆಯ ಇಂಜಿನಿಯರಿಂಗ್ ಹುಡುಗ, ಚೆಸ್ ಆಡುವ ರಿಟೈರ್ಡ್ ಮೇಷ್ಟ್ರು, ಯಾರಾದರೂ ಸರಿ. ಒಂದು ಲೋಟ ಕಾಫಿಗೆ ಕರೀರಿ.

ಕಾಲೇಜಿನಲ್ಲಿ ರಾಮಾನುಜನ್ ಎಡವಿದರು. ಗಣಿತ ಬಿಟ್ಟು ಬೇರೇನೂ ಓದದೆ ಸ್ಕಾಲರ್‌ಶಿಪ್ ಹೋಯ್ತು, ಎಫ್.ಎ. ಫೇಲ್. 1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿನ ಮೇಲಧಿಕಾರಿ ನಾರಾಯಣ ಅಯ್ಯರ್‌ಗೂ ಗಣಿತದ ಹುಚ್ಚು. ರಾತ್ರಿ ಅವರ ಮನೆಯಲ್ಲಿ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ಅಯ್ಯರ್ ಸರಿಸಮ ಪ್ರತಿಭೆಯವರೇನಲ್ಲ. ಆದರೆ ಹಾರಿಸಿದ ಹೆಜ್ಜೆಗಳನ್ನೆಲ್ಲ ಬಿಡಿಸಿ ಬರೆಯುವಂತೆ ಪಟ್ಟು ಹಿಡಿಯುತ್ತಿದ್ದರು. ಬುದ್ಧಿವಂತ ಮಗುವಿಗೆ ಇಂಥವರು ಬಹಳ ಬೇಕು.

1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಪತ್ರದ ಕತೆ ನಿಮಗೆ ಗೊತ್ತೇ ಇದೆ. ಮರುವರ್ಷ ಅಲ್ಲಿಗೇ ಹೋದರು. ಕೊನೆಗೂ ಲೆಕ್ಕಕ್ಕೆ ಸಾಟಿ ಸಿಕ್ಕಿತು. ಆದರೆ ಸಸ್ಯಾಹಾರಿ, ಅಡುಗೆ ತಾವೇ ಮಾಡಿಕೊಳ್ಳಬೇಕು. ಅಲ್ಲೇ ಓದುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ಆಗಾಗ ಬರುತ್ತಿದ್ದರು. ಒಮ್ಮೆ ಪತ್ರಿಕೆಯಲ್ಲಿ ಬಂದ ಒಗಟೊಂದನ್ನು ಅವರು ಓದಿ ಹೇಳಿದರೆ, ರಾಮಾನುಜನ್ ಬಾಣಲೆಯಲ್ಲಿ ತರಕಾರಿ ಕೈಯಾಡಿಸುತ್ತಲೇ ಉತ್ತರ ಬರೆಸಿಬಿಟ್ಟರಂತೆ!

1915ರಲ್ಲಿ ಆ ಗೆಳೆಯ ಭಾರತಕ್ಕೆ ಮರಳಿದರು. ಯುದ್ಧದ ಕಾಲ, ತರಕಾರಿಗೂ ತತ್ವಾರ. ಹಾರ್ಡಿ ಜತೆಗಿನ ಮಾತೆಲ್ಲ ಬಹುಪಾಲು ಗಣಿತದ್ದೇ. ಊಟ ಆಯ್ತಾ ಅಂತ ವಿಚಾರಿಸುವವರಿಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಿದ್ದರು. 1917ರಲ್ಲಿ ಕಾಯಿಲೆ ಬಿದ್ದರು. 1919ರಲ್ಲಿ ಊರಿಗೆ ಬಂದವರು ಮರುವರ್ಷ ಏಪ್ರಿಲ್ 26ರಂದು ತೀರಿಕೊಂಡರು. ಆಗ ವಯಸ್ಸು 32.