ಕೆಪ್ಲರ್ ಮೇಷ್ಟರ ಐದು ಘನಗಳು

ಈ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಗ ನಾನು ಬಹುಮುಖ ಘನಾಕೃತಿಗಳನ್ನು ಹಳೆಯ ಲಗ್ನಪತ್ರಿಕೆಗಳಲ್ಲಿ ಕತ್ತರಿಸಿ ಮಾಡಿಸುತ್ತಿದ್ದೆ. ಮುಖಗಳೆಲ್ಲ ಒಂದೇ ಅಳತೆಯ ನಿಯಮಿತ ಆಕೃತಿಗಳಾಗಿರಬೇಕು, ಪ್ರತಿ ಮೂಲೆಯಲ್ಲೂ ಅಷ್ಟಷ್ಟೇ ಮುಖಗಳು ಕೂಡಬೇಕು. ತ್ರಿಭುಜಗಳನ್ನು ಮೂರು, ನಾಲ್ಕು, ಐದರಂತೆ ಅಂಟಿಸಿದರೆ ಮೂಲೆ ಏಳುತ್ತದೆ. ಆರು ಸೇರಿದರೆ 360 ಡಿಗ್ರಿಯಾಗಿ ಚಪ್ಪಟೆ. ಚೌಕ ಮೂರು, ಪಂಚಭುಜ ಮೂರು, ಅಲ್ಲಿಗೆ ಮುಗಿಯಿತು. ಇಂಥ ಘನಗಳು ಐದೇ. ಆರನೆಯದನ್ನು ಮಾಡಿದವರಿಗೆ ಬಹುಮಾನ ಎನ್ನುತ್ತಿದ್ದೆ. ಆ ಹಣ ನನ್ನ ಜೇಬಿನಲ್ಲೇ ಉಳಿಯಿತು.

ಈ ಐದಕ್ಕೆ ಮನಸೋತ ಇನ್ನೊಬ್ಬ ಮೇಷ್ಟರು ಯೊಹಾನೆಸ್ ಕೆಪ್ಲರ್. 1571ರಲ್ಲಿ ಜರ್ಮನಿಯ ಸಣ್ಣ ಊರೊಂದರಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಸಿಡುಬು ಬಂದು ದೃಷ್ಟಿ ಮಂದವಾಯಿತು. 1594ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದ ಶಾಲೆಗೆ ಗಣಿತ ಕಲಿಸಲು ಬಂದರು. ಮೊದಲ ವರ್ಷ ತರಗತಿಗೆ ಬಂದವರು ಬೆರಳೆಣಿಕೆಯ ಹುಡುಗರು, ಮರುವರ್ಷ ಒಬ್ಬನೂ ಇಲ್ಲ. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಗಿತ್ತು.

1595ರ ಜುಲೈಯಲ್ಲಿ ಪಾಠದ ನಡುವೆ ವೃತ್ತದೊಳಗೆ ತ್ರಿಭುಜಗಳನ್ನು ಎಳೆಯುತ್ತಿದ್ದಾಗ ಅವರಿಗೊಂದು ದಾರಿ ಹೊಳೆಯಿತು. ಆಗ ಗೊತ್ತಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಅವುಗಳ ನಡುವಿನ ತೆರಪುಗಳು ಐದು, ಘನಗಳೂ ಐದು! ಶನಿ ಗುರುಗಳ ನಡುವೆ ದಾಳದಾಕಾರದ್ದು, ಗುರು ಮಂಗಳರ ನಡುವೆ ನಾಲ್ಕು ಮುಖದ್ದು, ಹೀಗೆ ಒಂದರೊಳಗೊಂದು ಕೂರಿಸಿ 1596ರಲ್ಲಿ ಪುಸ್ತಕ ಬರೆದರು.

ಲೆಕ್ಕ ಸರಿಸುಮಾರು ಕೂಡಿತು, ಪೂರ್ತಿ ಕೂಡಲಿಲ್ಲ. ನಿಖರವಾದ ಅಳತೆ ಹುಡುಕಿಕೊಂಡು 1600ರಲ್ಲಿ ಪ್ರಾಗ್ ಬಳಿಯಿದ್ದ ಟೈಕೋ ಬ್ರಾಹೆಯವರಲ್ಲಿಗೆ ಹೋದರು. ಮಂಗಳನ ದಾರಿ ವೃತ್ತವೆಂದು ಹಿಡಿದು ವರ್ಷಗಟ್ಟಲೆ ಹೆಣಗಿದರು. ಕೊನೆಗೆ ಟೈಕೋ ಅಳತೆಗೂ ಇವರ ಲೆಕ್ಕಕ್ಕೂ ಉಳಿದ ಅಂತರ ಒಂದು ಡಿಗ್ರಿಯ ಏಳನೆಯ ಒಂದು ಭಾಗಕ್ಕಿಂತ ಕಡಿಮೆ. ನಾನಾಗಿದ್ದರೆ ಅಷ್ಟನ್ನು ಬಿಟ್ಟುಬಿಡುತ್ತಿದ್ದೆ. ಅವರು ಬಿಟ್ಟದ್ದು ವೃತ್ತವನ್ನು. 1609ರಲ್ಲಿ ದೀರ್ಘವೃತ್ತವನ್ನು ಜಗತ್ತಿನ ಮುಂದಿಟ್ಟರು.

ಘನಗಳ ಮೋಹ ಮಾತ್ರ ಹೋಗಲಿಲ್ಲ. ಎರಡು ಮೂರು ಬಗೆಯ ಮುಖಗಳಿದ್ದೂ ಮೂಲೆಗಳೆಲ್ಲ ಒಂದೇ ತೆರನಾಗಿರುವ ಘನಗಳು, ಪಟ್ಟಕದಂಥವನ್ನು ಬಿಟ್ಟರೆ, ಹದಿಮೂರೆಂದು 1619ರಲ್ಲಿ ಸಾಧಿಸಿ ಹೆಸರಿಟ್ಟರು. 12 ಪಂಚಭುಜ, 20 ಷಡ್ಭುಜ ಹೊಲಿದ ಕಾಲ್ಚೆಂಡು ಆ ಹದಿಮೂರರಲ್ಲೊಂದು. ನಮ್ಮ ಮೈದಾನದಲ್ಲಿ ಅದನ್ನು ಒದೆಯದವರು ಯಾರು! ಆ ಕೆಲಸ ನಡೆಯುತ್ತಿದ್ದ ಕಾಲಕ್ಕೇ ಅವರ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪವಿತ್ತು. ಮಗನೇ ನಿಂತು ವಾದ ಕಟ್ಟಿ 1621ರಲ್ಲಿ ಬಿಡಿಸಿಕೊಂಡರು.

ಅದೇ ವರ್ಷ ಮೊದಲ ಪುಸ್ತಕದ ಮರುಮುದ್ರಣವೂ ಆಯಿತು. ತಾರುಣ್ಯದ ಬರಹದ ಒಂದು ಸಾಲನ್ನೂ ಮುಚ್ಚಿಡದೆ, ತಪ್ಪಿದ್ದಲ್ಲಿ ತಪ್ಪೆಂದು ಟಿಪ್ಪಣಿ ಹಾಕಿದರು.

1630ರಲ್ಲಿ, ಬರಬೇಕಾದ ಬಾಕಿ ಹಣಕ್ಕಾಗಿ ಹೊರಟವರು ರೇಗೆನ್ಸ್‌ಬುರ್ಗ್‌ನಲ್ಲಿ ತೀರಿಕೊಂಡರು. ಸಮಾಧಿಯೂ ಯುದ್ಧದಲ್ಲಿ ಅಳಿಸಿಹೋಯಿತು.