ಮನಸ್ಸಿನ ಮಾಳಿಗೆ ನೋಡಿಕೊಂಡ ಶರೀಫ ಸಾಹೇಬರು

ನಮಾಝಿಗೆ ನಿಂತಾಗ ಮೈ ಕಿಬ್ಲಾದ ಕಡೆಗಿರುತ್ತದೆ, ಮನಸ್ಸು ಅಂಗಡಿಯ ಲೆಕ್ಕದಲ್ಲೋ ನಿನ್ನೆಯ ಜಗಳದಲ್ಲೋ ಇರುತ್ತದೆ. ಇದು ನಮಗೆಲ್ಲ ಗೊತ್ತಿರೋ ಸಂಗತಿ. ಮೈಯನ್ನು ಶಿಸ್ತಿಗೆ ತರಬಹುದು, ಮನಸ್ಸನ್ನು ಹಿಡಿದು ನೋಡೋದೇ ಕಷ್ಟ. ಆ ಕಷ್ಟದ ಕೆಲಸವನ್ನು ಬದುಕಿಡೀ ಮಾಡಿದವರು ಶಿಶುನಾಳ ಶರೀಫ ಸಾಹೇಬರು.

ಶಿರಸಿ ತಾಲೂಕಿನ ಭೈರುಂಬೆ ಕಡೆಯಿಂದ ಮುಂಡಗೋಡು ದಾಟಿ ಹೋದರೆ ಮಲೆನಾಡು ಮುಗಿದು ಶಿಗ್ಗಾವಿಯ ಬಯಲು ಶುರುವಾಗುತ್ತದೆ. ಅಲ್ಲಿನ ಶಿಶುವಿನಹಾಳದಲ್ಲಿ 1819ರಲ್ಲಿ ಮಹಮ್ಮದ್ ಶರೀಫರು ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಿ ಸೂಫಿಗಳನ್ನು ನಂಬಿದ ಮನೆತನ ಅದು. ಹುಡುಗ ಮುಲ್ಕಿ ಪರೀಕ್ಷೆ ಪಾಸು ಮಾಡಿ ಹಳ್ಳಿ ಶಾಲೆಗಳಲ್ಲಿ ಮಾಸ್ತರನಾದ. ಕೈಯಲ್ಲಿ ನೌಕರಿ ಇತ್ತು, ಊರಲ್ಲಿ ಮರ್ಯಾದೆ ಇತ್ತು. ಆದರೂ ಒಳಗೆ ಏನೋ ಸಾಲದಾಗಿತ್ತು.

ಆಗ ಸಿಕ್ಕಿದವರು ಕಳಸದ ಗೋವಿಂದ ಭಟ್ಟರು. ಮೊದಲ ಭೇಟಿಯಲ್ಲಿ ಭಟ್ಟರು ನಿನ್ನ ಅಪ್ಪ ಯಾರೆಂದು ಕೇಳಿದರಂತೆ. ನಿಮ್ಮ ಅಪ್ಪ ಯಾರೋ ನನ್ನ ಅಪ್ಪನೂ ಅವನೇ ಎಂದು ಶರೀಫರು ಹೇಳಿದರೆಂದು ಜನ ಈಗಲೂ ಹೇಳುತ್ತಾರೆ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರಿಗೆ ಇದು ಸರಿ ಬರಲಿಲ್ಲ. ಭಟ್ಟರು ಕುಲ ಕೆಡಿಸಿದರೆಂದು ಒಂದು ಕಡೆ, ಶರೀಫ ದೀನ್ ಬಿಟ್ಟನೆಂದು ಇನ್ನೊಂದು ಕಡೆ ಮಾತು ಬಂತು. ಗುರು ಶಿಷ್ಯರು ಮಾತ್ರ ಜೊತೆ ಬಿಡಲಿಲ್ಲ.

ಹೆಂಡತಿ ಫಾತಿಮಾ ಮದುವೆಯಾಗಿ ಕೆಲವೇ ವರ್ಷಕ್ಕೆ ತೀರಿಕೊಂಡರು. ಶರೀಫರು ಮತ್ತೆ ಸಂಸಾರ ಕಟ್ಟಲಿಲ್ಲ. ಹಾಗಂತ ಕಾಡಿಗೂ ಹೋಗಲಿಲ್ಲ. ಊರಲ್ಲೇ, ಜನರ ನಡುವೆಯೇ ಇದ್ದು ಪದ ಕಟ್ಟಿ ಹಾಡಿದರು. ಮೊಹರಂನ ಅಲಾವಿ ಪದಗಳನ್ನೂ ಕಟ್ಟಿದರು.

ಅವರ ಪದಗಳಲ್ಲಿ ಕಣ್ಣೆದುರಿನ ವಸ್ತುಗಳೇ ಬರುತ್ತವೆ: ತಂಬೂರಿ, ಕೋಳಿ, ಮಂಗ, ಸೋರುವ ಮನೆ. ಬಯಲುಸೀಮೆಯ ಮಾಳಿಗೆಗೆ ಮಣ್ಣು ಹಾಕಿರುತ್ತಾರೆ. ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳದಿದ್ದರೆ ಬಿರುಕಿನಲ್ಲಿ ನೀರಿಳಿದು ಇಡೀ ಮನೆ ಕೆಡುತ್ತದೆ. ಭೈರುಂಬೆಯ ಹೆಂಚಿನ ಮನೆಯವರಿಗೂ ನಮ್ಮ ಕರಾವಳಿಯವರಿಗೂ ಈ ಸಂಕಟ ಹೊಸದಲ್ಲ. ಒಂದು ಹೆಂಚು ಸರಿದರೂ ಸಾಕು, ಉಮ್ಮ ರಾತ್ರಿಯಿಡೀ ಪಾತ್ರೆ ಇಡುತ್ತಾ ಕೂರಬೇಕು. ಶರೀಫರು ಹೇಳಿದ್ದು ಅಜ್ಞಾನದಿಂದ ಸೋರುವ ಒಳಮನೆಯ ಮಾತು. ಸಿಟ್ಟು, ಹೊಟ್ಟೆಕಿಚ್ಚು, ನಾನೆಂಬ ಹಮ್ಮು ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂದು ಹತ್ತಿ ನೋಡಬೇಕಾದವರು ನಾವೇ. ನಮ್ಮ ಉಸ್ತಾದರು ನಫ್ಸ್ ಬಗ್ಗೆ ಹೇಳುವ ಪಾಠವೂ ಇದೇ ತಾನೆ?

ಮೈಯನ್ನು ದಂಡಿಸಿದವರಿಗೆ ಒಂದು ಅಪಾಯವಿದೆ. ಇಷ್ಟು ಉಪವಾಸ ಮಾಡಿದೆ, ಇಷ್ಟು ರಾತ್ರಿ ಎದ್ದೆ ಎಂಬ ಲೆಕ್ಕವೇ ಹಮ್ಮಾಗಿಬಿಡುತ್ತದೆ. ಮನಸ್ಸನ್ನು ನೋಡಿಕೊಳ್ಳುವವನಿಗೆ ಕಾಣೋದು ತನ್ನ ಸೋರಿಕೆಯೇ. ಅದನ್ನು ಕಂಡವನು ಪಕ್ಕದವನ ಮಾಳಿಗೆಗೆ ಬೆರಳು ತೋರಿಸಲಾರ. ಹಾಗಂತ ಇಬಾದತ್ ಬಿಡಬೇಕೆಂದಲ್ಲ, ಮೈ ನಿಂತಲ್ಲಿ ಮನಸ್ಸೂ ನಿಲ್ಲಬೇಕು.

1889ರಲ್ಲಿ, 70ರ ಪ್ರಾಯದಲ್ಲಿ ಶರೀಫರು ತೀರಿಕೊಂಡರು. ಬದುಕಿದ್ದಾಗ ದೂರಿದ ಎರಡೂ ಕಡೆಯವರು ಆಗ ನಮ್ಮವರೆಂದು ಮುಂದೆ ಬಂದರಂತೆ. ಕುರ್‌ಆನ್ ಓದಿ, ಮಂತ್ರವನ್ನೂ ಹೇಳಿ ಮಣ್ಣು ಮಾಡಿದರೆಂದು ಹೇಳುತ್ತಾರೆ. ಶಿಶುವಿನಹಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ಹೋಗುತ್ತಾರೆ. ಬಾಯಿಂದ ಬಾಯಿಗೆ ಉಳಿದ ಪದಗಳು ಸಿ. ಅಶ್ವಥ್ ಅವರ ದನಿಯಲ್ಲಿ ಮನೆಮನೆಗೆ ಬಂದವು, 1990ರಲ್ಲಿ ನಾಗಾಭರಣರ ಸಿನಿಮಾವೂ ಬಂತು.

ಶರೀಫರು ಯಾರವರು ಎಂಬ ತಕರಾರು ನಮ್ಮಲ್ಲಿ ಆಗಾಗ ಏಳುತ್ತದೆ. ಆ ತಕರಾರು ಮಾಡುವಾಗ ನಮ್ಮ ಮನಸ್ಸು ಎಷ್ಟು ಬಿಸಿಯಾಗುತ್ತದೆ ಎಂದು ಒಮ್ಮೆ ನೋಡಿಕೊಂಡರೆ, ಅವರ ಪಾಠ ಅಲ್ಲಿಂದಲೇ ಶುರುವಾಗುತ್ತದೆ.