ನಡಿಗೆ ನೋಡಿ ರೋಗವರಿತ ಡಾಕ್ಟರ್ ಶಾರ್ಕೊ

ಕಳವಾದಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಒಬ್ಬ ಮಾಣಿಯ ಕೈಯಿಂದ ಲೋಟಗಳು ಮೇಲಿಂದ ಮೇಲೆ ಜಾರುತ್ತಿದ್ದವು; ಹೊಸ್ತಿಲು ದಾಟುವಾಗ ಕಾಲು ಎಡವುತ್ತಿತ್ತು. ನಾವು ಅಜಾಗರೂಕನೆಂದು ಗದರಿಸಿದೆವು. ಅವನ ತಂದೆಯ ನಡಿಗೆಯೂ ಹಾಗೆಯೇ ಇತ್ತೆಂದು ನಮಗೆ ತಿಳಿದುದು ಅವನು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ. ಆ ಪಶ್ಚಾತ್ತಾಪವೇ ಡಾಕ್ಟರ್ ಶಾರ್ಕೊ ಅವರ ಚರಿತ್ರೆಯನ್ನು ವಾಚಕರ ಮುಂದಿಡಲು ನಮ್ಮನ್ನು ಪ್ರೇರಿಸಿದೆ.

ಪ್ಯಾರಿಸ್ ಪಟ್ಟಣದಲ್ಲಿ ಗಾಡಿ ಕಟ್ಟುವವರೊಬ್ಬರ ಮಗನಾಗಿ 1825ರ ನವೆಂಬರ್ 29ರಂದು ಜನಿಸಿದ ಶಾರ್ಕೊ ಅವರು 1862ರಲ್ಲಿ ಸಾಲ್ಪೆತ್ರಿಯೇರ್ ಆಸ್ಪತ್ರೆಯ ವೈದ್ಯಾಧಿಕಾರಿಗಳಾದರು. ಸಾವಿರಾರು ಬಡ ಹೆಂಗಸರು ಗತಿಯಿಲ್ಲದೆ ದಿನ ಕಳೆಯುತ್ತಿದ್ದ ಆ ಸ್ಥಳವನ್ನು ಅವರು ನರರೋಗಗಳ ವಿದ್ಯಾಪೀಠವನ್ನಾಗಿ ಮಾಡಿದರು. ರೋಗಿಯನ್ನು ನಡೆಯಿಸಿ, ಬಹಳ ಹೊತ್ತು ಮೌನವಾಗಿ ನೋಡುವುದೇ ಅವರ ಕ್ರಮ. 1885ರಲ್ಲಿ ವಿಯೆನ್ನಾದ ಫ್ರಾಯ್ಡರೂ ಅವರಲ್ಲಿ ಕಲಿಯಲು ಬಂದರು.

1886ರಲ್ಲಿ ಶಿಷ್ಯ ಪಿಯೇರ್ ಮಾರೀಯೊಡನೆ ಅವರು ಒಂದು ವಂಶಪಾರಂಪರ್ಯ ರೋಗವನ್ನು ವರ್ಣಿಸಿದರು. ಮೊದಲು ಪಾದ, ಕಣಕಾಲುಗಳ ಮಾಂಸಖಂಡ ಕ್ಷೀಣಿಸುತ್ತದೆ, ತರುವಾಯ ಕೈಗಳದು. ಅದೇ ವರ್ಷ ಇಂಗ್ಲೆಂಡಿನ ಟೂತ್ ಎಂಬವರೂ ಅದನ್ನು ವರ್ಣಿಸಿದ್ದರಿಂದ ಅದಕ್ಕೆ ಮೂವರ ಹೆಸರೂ ಉಳಿಯಿತು. ದೋಷವು ಬೆನ್ನುಹುರಿಯಲ್ಲಿರಬೇಕೆಂದು ಶಾರ್ಕೊ ಎಣಿಸಿದ್ದರು. ಕೈಕಾಲುಗಳ ನರಗಳಲ್ಲಿದೆಯೆಂದ ಟೂತರ ಮಾತೇ ನಿಜವಾಯಿತು. ಈ ರೋಗದ ಮುಖ್ಯ ಬಗೆಯಲ್ಲಿ, ವಿದ್ಯುತ್ ತಂತಿಯ ರಬ್ಬರಿನಂತೆ ನರವನ್ನು ಸುತ್ತಿರುವ ಮಯೆಲಿನ್ ಎಂಬ ಹೊದಿಕೆಯು ಕೆಡುತ್ತದೆ.

ಶಾರ್ಕೊ ಪ್ರಾಣಿಪ್ರಿಯರು, ಪ್ರಾಣಿಗಳ ಮೇಲಿನ ಪ್ರಯೋಗ ಅವರಿಗೆ ಸೇರುತ್ತಿರಲಿಲ್ಲ. 1893ರ ಆಗಸ್ಟ್ 16ರಂದು ಅವರು ಕಾಲವಾದರು. ವಿಧಿಯ ವೈಚಿತ್ರ್ಯವೆಂದರೆ, ಅವರ ಹೆಸರಿನ ರೋಗಕ್ಕೆ ಮದ್ದನ್ನು ಇಂದು ಹುಡುಕುತ್ತಿರುವುದು ಇಲಿಗಳಲ್ಲಿ! ಹದಿನೇಳನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗುವುದೇ ಆ ಮುಖ್ಯ ಬಗೆಗೆ ಕಾರಣವೆಂದು 1991ರಲ್ಲಿ ತಿಳಿಯಿತು. ಅದೇ ದೋಷವುಳ್ಳ ಇಲಿಗಳನ್ನು ಬೆಳೆಸಿ ಫ್ರಾನ್ಸಿನ ವಿಜ್ಞಾನಿಗಳು ಸಿ ಜೀವಸತ್ವವನ್ನು ಕೊಟ್ಟರು. ಇಲಿಗಳ ನಡಿಗೆ ಸುಧಾರಿಸಿತೆಂದು 2004ರಲ್ಲಿ ಪ್ರಕಟಿಸಿದರು. ಆದರೆ ಇಟಲಿ ಮತ್ತು ಬ್ರಿಟನ್ನಿನಲ್ಲಿ 271 ರೋಗಿಗಳಲ್ಲಿ ಎರಡು ವರ್ಷ ಅದನ್ನೇ ಪರೀಕ್ಷಿಸಿ ನೋಡಿದಾಗ ಗುಣ ಕಾಣಲಿಲ್ಲವೆಂಬ ವರದಿ 2011ರಲ್ಲಿ ಬಂದಿತು.

ಇಲಿ ನಡೆಯಿತೆಂದು ಮನುಷ್ಯನಿಗೆ ಮದ್ದು ಸಿಕ್ಕಿತೆಂದಲ್ಲ. ರೋಗವನ್ನು ಬುಡಸಹಿತ ಕೀಳುವ ಔಷಧವಿನ್ನೂ ಕೈಗೂಡಿಲ್ಲ; ವ್ಯಾಯಾಮ, ಪಾದಕ್ಕೆ ಆಸರೆಯ ಪಟ್ಟಿ, ಅಗತ್ಯವಾದಲ್ಲಿ ಶಸ್ತ್ರಚಿಕಿತ್ಸೆ, ಇವೇ ಈಗಿನ ನೆರವು. ಇದು ಪೂರ್ವಜರ ಶಾಪವಲ್ಲ, ಸೋಮಾರಿತನವೂ ಅಲ್ಲ. ಲೋಟ ಒಡೆದ ಹುಡುಗನನ್ನು ಬೈಯುವ ಮುನ್ನ ಯಜಮಾನರು ಒಮ್ಮೆ ಅವನ ನಡಿಗೆಯನ್ನು ನೋಡಲಿ. ನಾವು ನೋಡದೆ ಹೋದೆವು.